ಯಾವ ಬಗೆಯ ‘ಇಲ್ಲ’?

ಹಳ್ಳಿಯ ಮನೆಯಲ್ಲಿ ಪುಟ್ಟಣ್ಣ ಅಂತ ಒಬ್ಬನಿದ್ದರೆ ಒಳಗಿನವರಿಗೆ ಅವನು ಬರೀ ಪುಟ್ಟ. ಬೀದಿಯವರಿಗೆ ಮೇಲ್ಮನೆ ಪುಟ್ಟ. ಪಕ್ಕದೂರಿನ ಸಂತೆಯಲ್ಲಿ ಅವನನ್ನು ವಿಚಾರಿಸಬೇಕಾದರೆ ಊರಿನ ಹೆಸರನ್ನೂ ಸೇರಿಸಬೇಕು. ಬೆಂಗಳೂರಿನ ಬ್ಯಾಂಕಿಗೆ ಬಂದನೆಂದರೆ ಊರು, ಅಪ್ಪ ಇಬ್ಬರೂ ಇನಿಷಿಯಲ್ಲುಗಳಾಗಿ ಅವನ ಹೆಸರಿಗೆ ಅಂಟಿಕೊಳ್ಳುತ್ತಾರೆ. ಹತ್ತಿರದವರಿಗೆ ಚಿಕ್ಕ ಹೆಸರು ಸಾಕು. ದೂರ ಹೋದಂತೆಲ್ಲ ಹೆಸರು ಉದ್ದವಾಗುತ್ತದೆ. ಇದರಿಂದ ಪುಟ್ಟನಿಗೇನೂ ತೊಂದರೆಯಿಲ್ಲ. ಯಾರು, ಎಲ್ಲಿ ನಿಂತು ಕೂಗುತ್ತಿದ್ದಾರೆ ಅನ್ನುವುದು ಕೇಳಿಸಿಕೊಂಡವರಿಗೆಲ್ಲ ಗೊತ್ತಿರುತ್ತದೆ.

ಇದೇ ಪದ್ಧತಿಯನ್ನು ಯಂತ್ರಗಳಿಗೆ ಕಲಿಸಿದರೆ ಏನಾಗುತ್ತದೆ ಅನ್ನುವುದನ್ನು ಕುಬರ್ನೆಟೀಸ್ ಕ್ಲಸ್ಟರುಗಳನ್ನು ನೋಡಿಕೊಳ್ಳುವವರು ಚೆನ್ನಾಗಿ ಬಲ್ಲರು. ಬೆಂಗಳೂರಿನಲ್ಲಿ ಅಂಥವರಿಗೆ ಕೊರತೆಯಿಲ್ಲ. ರಾತ್ರಿ ಆನ್‌ಕಾಲ್ ಡ್ಯೂಟಿಯಲ್ಲಿರುವ ಯಾವ ಇಂಜಿನಿಯರನ್ನಾದರೂ ಕೇಳಿ ನೋಡಿ, ‘ಕಡೆಗೆ ನೋಡಿದರೆ ಡಿಎನ್‌ಎಸ್’ ಎಂದು ಮುಗಿಯುವ ಕತೆ ಅವರ ಬಳಿ ಒಂದಾದರೂ ಇರುತ್ತದೆ. ಆ ಕತೆಗಳ ಬಗ್ಗೆ ನನಗೆ ಬಹಳ ಆಸಕ್ತಿ. ಆದರೆ ‘ಡಿಎನ್‌ಎಸ್’ ಎಂದು ಹೇಳಿ ಅಲ್ಲಿಗೇ ನಿಲ್ಲಿಸುವವರನ್ನು ಕಂಡರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ನಿಜವಾದ ಕತೆ ಶುರುವಾಗುವುದೇ ಅಲ್ಲಿಂದ.

ಈ ಕೆಲಸದವರಲ್ಲದ ಓದುಗರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಒಂದು ಪ್ರೋಗ್ರಾಮನ್ನೂ ಅದು ಓಡಲು ಬೇಕಾದ ಲೈಬ್ರರಿಗಳನ್ನೂ ಒಟ್ಟಿಗೆ ಪ್ಯಾಕ್ ಮಾಡಿಟ್ಟರೆ ಅದು ಕಂಟೇನರ್. ಇಂಥ ಸಾವಿರಾರು ಕಂಟೇನರುಗಳನ್ನು ಹತ್ತಾರು, ನೂರಾರು ಯಂತ್ರಗಳ ಮೇಲೆ (ಒಂದೊಂದು ಯಂತ್ರವೂ ಒಂದು ನೋಡ್, ಎಲ್ಲ ಸೇರಿ ಕ್ಲಸ್ಟರ್) ಹಂಚಿ, ಸತ್ತದ್ದನ್ನು ಮತ್ತೆ ಎಬ್ಬಿಸಿ, ಬೇಡಿಕೆ ಏರಿದಾಗ ಇನ್ನಷ್ಟು ಹುಟ್ಟಿಸುವ ಮೇಲ್ವಿಚಾರಣೆಯ ವ್ಯವಸ್ಥೆಯೇ ಕುಬರ್ನೆಟೀಸ್. ಗೂಗಲ್ ಇದನ್ನು 2014ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟಿತು; 1.0 ಆವೃತ್ತಿ ಬಂದದ್ದು 2015ರ ಜುಲೈನಲ್ಲಿ. ಇದರಲ್ಲಿ ಕಂಟೇನರುಗಳು ಪಾಡ್ ಎಂಬ ಘಟಕದೊಳಗೆ ಓಡುತ್ತವೆ. ಪಾಡಿನ ಆಯುಷ್ಯ ಅಲ್ಪ. ಹೊಸ ಆವೃತ್ತಿ ಹಾಕಿದರೆ ಹಳೆಯ ಪಾಡ್ ಹೋಗಿ ಹೊಸದು ಬರುತ್ತದೆ. ಯಂತ್ರವೊಂದು ಕೈಕೊಟ್ಟರೆ ಅದರ ಮೇಲಿದ್ದ ಪಾಡುಗಳ ಜಾಗದಲ್ಲಿ ಬೇರೆ ಪಾಡುಗಳು ಬೇರೆಡೆ ಹುಟ್ಟುತ್ತವೆ. ಹುಟ್ಟಿದ್ದಕ್ಕೆಲ್ಲ ಹೊಸ ಐಪಿ ವಿಳಾಸ. ಈಗ ಇದ್ದ ವಿಳಾಸ ಇನ್ನೊಂದು ಗಳಿಗೆಗೆ ಇರುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಇಲ್ಲಿ ವಿಳಾಸವನ್ನು ನೆಚ್ಚುವ ಹಾಗಿಲ್ಲ, ಹೆಸರನ್ನೇ ನೆಚ್ಚಬೇಕು; ಒಂದೇ ಕೆಲಸದ ಪಾಡುಗಳಿಗೆಲ್ಲ ಸೇರಿ ಇಡುವ ಆ ಸ್ಥಿರ ಹೆಸರಿಗೆ ಸರ್ವಿಸ್ ಎನ್ನುತ್ತಾರೆ. ‘ಪೇಮೆಂಟ್ ಎಲ್ಲಿದೆ?’ ಎಂದು ಆರ್ಡರ್ ಪ್ರೋಗ್ರಾಮು ಕೇಳುತ್ತದೆ, ‘ಇಗೋ ಇಲ್ಲಿ’ ಎಂದು ಒಂದು ಐಪಿ ಬರುತ್ತದೆ. ದಿನಕ್ಕೆ ಲಕ್ಷಾಂತರ ಸಲ ಈ ಪ್ರಶ್ನೋತ್ತರ ನಡೆಯುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಸರಿಗೆ ವಿಳಾಸ ಹೇಳುವ ಈ ಏರ್ಪಾಡೇ ಡಿಎನ್‌ಎಸ್.

ಮೊದಲು ಇಷ್ಟೆಲ್ಲ ಇರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಅರ್ಪಾನೆಟ್ ಜಾಲದಲ್ಲಿದ್ದ ಯಂತ್ರಗಳ ಹೆಸರು, ವಿಳಾಸ ಎಲ್ಲ ಒಂದೇ ಒಂದು ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಮತ್ತು ಅವರ ತಂಡ ಆ ಕಡತವನ್ನು ಕಾಪಾಡಿಕೊಂಡು ಬಂತು. ಹೊಸ ಯಂತ್ರ ಸೇರಿಸಬೇಕಾದವರು ಅವರಿಗೆ ತಿಳಿಸಬೇಕು, ಅವರು ಬರೆದುಕೊಳ್ಳಬೇಕು, ಉಳಿದವರೆಲ್ಲ ಆ ಕಡತವನ್ನು ಆಗಾಗ ಇಳಿಸಿಕೊಳ್ಳಬೇಕು. ಜಾಲ ಬೆಳೆದ ಹಾಗೆ ಒಂದೇ ಕಡತ, ಒಂದೇ ಕಚೇರಿ ಎಂಬ ಏರ್ಪಾಡು ತಡೆಯದಾಯಿತು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ಪಾಲ್ ಮೊಕಪೆಟ್ರಿಸ್ 1983ರಲ್ಲಿ ಡಿಎನ್‌ಎಸ್ ವಿನ್ಯಾಸವನ್ನು ಆರ್‌ಎಫ್‌ಸಿ ಎಂಬ ಸರಣಿಯ ಎರಡು ದಾಖಲೆಗಳಾಗಿ ಮುಂದಿಟ್ಟರು, 882 ಮತ್ತು 883. ಅವನ್ನು ತಿದ್ದಿ ಬರೆದ 1034, 1035 ಬಂದದ್ದು 1987ರಲ್ಲಿ. ಹೆಸರನ್ನು ಚುಕ್ಕಿಗಳಿಂದ ತುಂಡು ಮಾಡು, ಒಂದೊಂದು ತುಂಡಿನ ಹೊಣೆಯನ್ನು ಒಬ್ಬೊಬ್ಬರಿಗೆ ವಹಿಸು, ಪಡೆದ ಉತ್ತರವನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೋ. ಇಡೀ ಇಂಟರ್ನೆಟ್ಟು ಇವತ್ತಿಗೂ ಈ ಮೂರು ಮಾತಿನ ಮೇಲೆ ನಿಂತಿದೆ. ಆ ವಿನ್ಯಾಸದ ಬಗ್ಗೆ ನನಗಿರುವ ಗೌರವ ವರ್ಷದಿಂದ ವರ್ಷಕ್ಕೆ ಹೆಚ್ಚಾಗಿದೆ. ಒಂದು ತುಂಡಿಗೆ 63 ಅಕ್ಷರಕ್ಕಿಂತ ಹೆಚ್ಚಿರಬಾರದು ಎಂದು ಆಗ ಹಾಕಿದ ಮಿತಿ ಇವತ್ತು ನಾವು ಕುಬರ್ನೆಟೀಸಿನಲ್ಲಿ ಇಡುವ ಸರ್ವಿಸ್ ಹೆಸರಿಗೂ ಅನ್ವಯಿಸುತ್ತದೆ. ಕಡತದ ಕಾಲವೂ ಪೂರ್ತಿ ಮುಗಿದಿಲ್ಲ. ಪ್ರತಿ ಪಾಡಿನೊಳಗೂ ‘ಹೋಸ್ಟ್ಸ್’ ಎಂಬ ಪುಟ್ಟ ಕಡತ ಇದ್ದೇ ಇದೆ. ಸಾಮಾನ್ಯವಾಗಿ ಪ್ರೋಗ್ರಾಮುಗಳು ಮೊದಲು ಅದನ್ನು ನೋಡಿ ಆಮೇಲೆ ಡಿಎನ್‌ಎಸ್‌ಗೆ ಕೈಹಾಕುತ್ತವೆ.

ಕ್ಲಸ್ಟರಿನೊಳಗೆ ಈ ಉತ್ತರ ಕೊಡುವ ಕೆಲಸ ಇವತ್ತು ಕೋರ್‌ಡಿಎನ್‌ಎಸ್‌ನದು. ಮೀಕ್ ಗೀಬೆನ್ 2016ರಲ್ಲಿ ಶುರುಮಾಡಿದ ತಂತ್ರಾಂಶ ಇದು; 2018ರ ಡಿಸೆಂಬರಿನಲ್ಲಿ ಬಂದ ಕುಬರ್ನೆಟೀಸ್ 1.13ರಿಂದ ಇದೇ ಮಾಮೂಲಿ ಏರ್ಪಾಡು. ಅದಕ್ಕೆ ಮೊದಲು ಕ್ಯೂಬ್-ಡಿಎನ್‌ಎಸ್ ಇತ್ತು. ಸ್ವಾರಸ್ಯವೆಂದರೆ ಒಳಗಿರುವವರು ಬದಲಾದರೂ ಬಾಗಿಲ ಮೇಲಿನ ಬೋರ್ಡು ಬದಲಾಗಲಿಲ್ಲ. ಹಳೆಯ ಏರ್ಪಾಡುಗಳು ಮುರಿಯದಿರಲಿ ಎಂದು ಸರ್ವಿಸಿನ ಹೆಸರನ್ನು ಕ್ಯೂಬ್-ಡಿಎನ್‌ಎಸ್ ಎಂದೇ ಉಳಿಸಿಕೊಂಡರು. ಹೊಸಬರು ಕೋರ್‌ಡಿಎನ್‌ಎಸ್ ಎಂಬ ಸರ್ವಿಸನ್ನು ಹುಡುಕಿ, ಸಿಗದೆ, ಕ್ಲಸ್ಟರಿನಲ್ಲಿ ಡಿಎನ್‌ಎಸ್ ಹಾಕಿಯೇ ಇಲ್ಲ ಎಂಬ ತೀರ್ಮಾನಕ್ಕೆ ಬರುವುದನ್ನು ನೋಡಿದ್ದೇನೆ.

ಈಗ ಯಾವುದಾದರೂ ಪಾಡಿನೊಳಗೆ ಹೋಗಿ ‘ರಿಸಾಲ್ವ್ ಡಾಟ್ ಕಾನ್ಫ್’ ಎಂಬ ಕಡತವನ್ನು ತೆರೆದು ನೋಡೋಣ. ಮೂರೇ ಸಾಲು. ಮೊದಲನೆಯದು ಯಾರನ್ನು ಕೇಳಬೇಕು ಅನ್ನುವುದು. ಕ್ಯೂಬ್‌ಅಡ್ಮ್ ಎಂಬ ಸಾಧನ ಬಳಸಿ ಕಟ್ಟಿದ ಕ್ಲಸ್ಟರಿನಲ್ಲಿ ಬಹುಪಾಲು 10.96.0.10 ಎಂದಿರುತ್ತದೆ. ಎರಡನೆಯ ಸಾಲು ‘ಸರ್ಚ್’ ಎಂದು ಶುರುವಾಗುತ್ತದೆ, ಚಿಕ್ಕ ಹೆಸರಿಗೆ ಯಾವ ಯಾವ ಬಾಲ ಸೇರಿಸಿ ನೋಡಬೇಕು ಎಂಬ ಪಟ್ಟಿ. ನೇಮ್‌ಸ್ಪೇಸ್ ಅಂದರೆ ಕ್ಲಸ್ಟರಿನೊಳಗಿನ ಒಂದೊಂದು ಮನೆ; ಪಾಡು ಇರುವ ನೇಮ್‌ಸ್ಪೇಸಿನ ಹೆಸರಿನ ಬಾಲ ಮೊದಲು, ಆಮೇಲೆ ‘ಎಸ್‌ವಿಸಿ ಡಾಟ್ ಕ್ಲಸ್ಟರ್ ಡಾಟ್ ಲೋಕಲ್’, ಕಡೆಗೆ ಬರೀ ‘ಕ್ಲಸ್ಟರ್ ಡಾಟ್ ಲೋಕಲ್’. ಪುಟ್ಟನ ವಿಷಯ ಹೇಳಿದ್ದು ಇದಕ್ಕೇ. ಮನೆಯೊಳಗಿದ್ದರೆ ‘ಪೇಮೆಂಟ್’ ಎಂದರೆ ಸಾಕು. ಪಕ್ಕದ ಮನೆಯದಾದರೆ ‘ಪೇಮೆಂಟ್ ಡಾಟ್ ಹಣಕಾಸು’ ಎಂದು ಮನೆಯ ಹೆಸರು ಸೇರಿಸಬೇಕು. ಬಾಕಿ ಬಾಲವನ್ನು ಯಂತ್ರವೇ ಅಂಟಿಸಿಕೊಳ್ಳುತ್ತದೆ.

ಮೂರನೆಯ ಸಾಲು ಎಲ್ಲಕ್ಕಿಂತ ಚಿಕ್ಕದು: ‘ಎನ್‌ಡಾಟ್ಸ್ 5’. ಹೆಸರಿನಲ್ಲಿ ಐದಕ್ಕಿಂತ ಕಡಿಮೆ ಚುಕ್ಕಿ ಇದ್ದರೆ ಅದನ್ನು ಚಿಕ್ಕ ಹೆಸರೆಂದೇ ತಿಳಿ, ಮೊದಲು ಬಾಲಗಳನ್ನು ಸೇರಿಸಿ ನೋಡು, ಯಾವುದೂ ಆಗದಿದ್ದರೆ ಮಾತ್ರ ಇದ್ದ ಹಾಗೇ ಕೇಳು ಎಂಬ ಆಜ್ಞೆ ಅದು. ಲಿನಕ್ಸಿನ ಮಾಮೂಲಿ ಲೆಕ್ಕ 1. ಕುಬರ್ನೆಟೀಸಿನವರು ಅದನ್ನು 5 ಮಾಡಿದ್ದಕ್ಕೆ ಕಾರಣವಿದೆ. ಪೋರ್ಟು, ಪ್ರೋಟೊಕಾಲು, ಸರ್ವಿಸು, ನೇಮ್‌ಸ್ಪೇಸು, ಕೊನೆಗೆ ‘ಎಸ್‌ವಿಸಿ’ ಎಲ್ಲ ಸೇರಿ ಬರುವ ಎಸ್‌ಆರ್‌ವಿ ಬಗೆಯ ಹೆಸರಿನಲ್ಲಿ ನಾಲ್ಕು ಚುಕ್ಕಿಗಳಿರುತ್ತವೆ. ಅದನ್ನೂ ಚಿಕ್ಕ ಹೆಸರಾಗಿಯೇ ಕೂಗಲು ಬರಲಿ ಎಂಬ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಹೊರಗಿನ ಲೋಕದ ಹೆಸರುಗಳಲ್ಲಿ ಐದು ಚುಕ್ಕಿ ಎಲ್ಲಿರುತ್ತದೆ? ‘ಎಪಿಐ ಡಾಟ್ ಎಕ್ಸಾಂಪಲ್ ಡಾಟ್ ಕಾಮ್’ ಅನ್ನುವಲ್ಲಿ ಇರುವುದು ಎರಡೇ. ಪಾಡು ಅದನ್ನು ಮೂರು ಬಾಲಗಳೊಡನೆ ಮೂರು ಸಲ ಕೇಳಿ, ಮೂರು ಸಲವೂ ‘ಇಲ್ಲ’ ಅನ್ನಿಸಿಕೊಂಡು, ನಾಲ್ಕನೆಯ ಸಲ ಸರಿಯಾಗಿ ಕೇಳುತ್ತದೆ. ಒಂದೊಂದು ಸಲಕ್ಕೂ ಐಪಿವಿ4 ವಿಳಾಸಕ್ಕೊಂದು, ಐಪಿವಿ6 ವಿಳಾಸಕ್ಕೊಂದು ಎಂದು ಎರಡೆರಡು ಪ್ರಶ್ನೆ. ಒಂದು ಹೆಸರಿಗೆ ಒಟ್ಟು ಎಂಟು. ಕ್ಲೌಡಿನ ಯಂತ್ರಗಳು ತಮ್ಮದೊಂದು ಬಾಲವನ್ನು ಪಟ್ಟಿಗೆ ಸೇರಿಸಿದರೆ ಹತ್ತು. ಹೆಸರಿನ ಕೊನೆಗೆ ಒಂದೇ ಒಂದು ಚುಕ್ಕಿ ಇಟ್ಟರೆ ‘ಇದು ಪೂರ್ತಿ ಹೆಸರು, ಬಾಲ ಬೇಡ’ ಎಂದರ್ಥವಾಗಿ ಎಂಟು ಪ್ರಶ್ನೆ ಎರಡಕ್ಕೆ ಇಳಿಯುತ್ತದೆ. ಅಷ್ಟು ಸಣ್ಣ ಚುಕ್ಕಿಗೆ ಅಷ್ಟು ಬಲ. ಹೊರಗಿನ ಪೇಮೆಂಟ್ ಗೇಟ್‌ವೇಗೋ ಎಸ್‌ಎಂಎಸ್ ಸೇವೆಗೋ ದಿನವಿಡೀ ಕರೆ ಮಾಡುವ ಪ್ರೋಗ್ರಾಮು ನಿಮ್ಮಲ್ಲಿದ್ದರೆ ಈ ಚುಕ್ಕಿಯನ್ನು ಇಟ್ಟು ನೋಡಿ. ಕೆಲವು ಪ್ರೋಗ್ರಾಮುಗಳಿಗೆ ಕೊನೆಯ ಚುಕ್ಕಿ ಒಗ್ಗುವುದಿಲ್ಲ. ಅಂಥ ಕಡೆ ಆ ಪಾಡಿನ ಮಟ್ಟಿಗೆ ಎನ್‌ಡಾಟ್ಸ್ ಸಂಖ್ಯೆಯನ್ನು ಇಳಿಸಬಹುದು.

ಇಷ್ಟು ಪೀಠಿಕೆ ಆಯಿತು. ದೋಷ ಹುಡುಕುವುದಕ್ಕೆ ಬರುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಒಮ್ಮೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ನನ್ನ ಮೇಜಿಗೆ ಬಂದಳು.

“ಸರ್, ಡಿಎನ್‌ಎಸ್ ಹೋಗಿದೆ.”

“ಹೋಗಿದೆ ಅಂದ್ರೆ ಹೇಗಮ್ಮ? ‘ಇಲ್ಲ’ ಅಂತ ಹೇಳ್ತಿದೆಯಾ, ಏನೂ ಹೇಳ್ತಾನೇ ಇಲ್ವಾ?”

“ಎರಡಕ್ಕೂ ಏನ್ ಸರ್ ವ್ಯತ್ಯಾಸ? ಹೇಗಿದ್ರೂ ಆ್ಯಪ್ ಅಂತೂ ಓಡ್ತಿಲ್ಲ.”

“ವ್ಯತ್ಯಾಸ ಇರೋದೇ ಅಲ್ಲಿ. ಲಾಗ್ ತೋರಿಸು ನೋಡೋಣ.”

ಗೋ ಭಾಷೆಯಲ್ಲಿ ಬರೆದ ಪ್ರೋಗ್ರಾಮು. ಲಾಗಿನಲ್ಲಿ ‘ನೋ ಸಚ್ ಹೋಸ್ಟ್’ ಎಂದಿತ್ತು. ಅದೇ ಪಾಡಿನಿಂದ ಕೇಳಿ ನೋಡಿದೆವು, ಕಣ್ಣು ಮಿಟುಕಿಸುವುದರೊಳಗೆ ‘ಎನ್‌ಎಕ್ಸ್‌ಡೊಮೈನ್’ ಎಂಬ ಉತ್ತರ ಬಂತು. ಅಂಥ ಹೆಸರೇ ಇಲ್ಲ ಎಂದರ್ಥ. ನಾನು ಅವಳಿಗೆ ಹೇಳಿದ್ದಿಷ್ಟು. ಇಲ್ಲ ಎಂದು ಇಷ್ಟು ಬೇಗ ಉತ್ತರ ಬಂದಿದೆ ಎಂದರೆ ಪ್ರಶ್ನೆ ಹೋಗಿ ಮುಟ್ಟಿದೆ, ಕೋರ್‌ಡಿಎನ್‌ಎಸ್ ಅದನ್ನು ಓದಿದೆ, ತನ್ನ ಪಟ್ಟಿಯಲ್ಲಿ ಹುಡುಕಿದೆ, ತಿರುಗಿ ಹೇಳಿದೆ. ದಾರಿ ಸರಿಯಿದೆ, ಉತ್ತರ ಕೊಡುವವರೂ ಇದ್ದಾರೆ. ಹಾಗಾದರೆ ನಾವು ಕೇಳಿದ ಹೆಸರನ್ನು ನೋಡಬೇಕು. ಅವಳೇ ಹುಡುಕಿ ಹಿಡಿದಳು. ಪೇಮೆಂಟ್ ತಂಡದವರು ತಮ್ಮ ಸರ್ವಿಸನ್ನು ಬೇರೆ ನೇಮ್‌ಸ್ಪೇಸಿಗೆ ಸಾಗಿಸಿದ್ದರು. ಇವಳ ಪ್ರೋಗ್ರಾಮು ಇನ್ನೂ ಮನೆಯೊಳಗಿನ ಚಿಕ್ಕ ಹೆಸರನ್ನೇ ಕೂಗುತ್ತಿತ್ತು. ಡಿಎನ್‌ಎಸ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು.

ನಾನು ಹೇಳಬೇಕೆಂದಿರುವುದರ ತಿರುಳು ಇದೇ. ‘ಹೆಸರು ಸಿಗುತ್ತಿಲ್ಲ’ ಅನ್ನುವುದು ಒಂದು ರೋಗವಲ್ಲ, ಹಲವು. ‘ಇಲ್ಲ’ ಎಂಬ ಉತ್ತರ ಒಂದು ಬಗೆ. ಮೌನ ಇನ್ನೊಂದು ಬಗೆ. ‘ಸರ್ವ್‌ಫೇಲ್’ ಮತ್ತೊಂದು; ಪ್ರಶ್ನೆ ತಲುಪಿತು, ಆದರೆ ನಾನು ಕೇಳಬೇಕಾದ ಕಡೆಯಿಂದ ನನಗೇ ಉತ್ತರ ಸಿಗಲಿಲ್ಲ ಎಂದು ಕೋರ್‌ಡಿಎನ್‌ಎಸ್ ಹೇಳುವುದು ಹೀಗೆ. ಇವೆಲ್ಲಕ್ಕಿಂತ ಕೆಟ್ಟದ್ದು ತಪ್ಪು ‘ಇದೆ’. ಒಂದೊಂದೂ ಹುಡುಕಾಟವನ್ನು ಒಂದೊಂದು ದಿಕ್ಕಿಗೆ ಕಳಿಸುತ್ತದೆ. ಲಿನಕ್ಸಿನ ಜಿಲಿಬ್‌ಸಿ ಎಂಬ ಲೈಬ್ರರಿ ಈ ವ್ಯತ್ಯಾಸವನ್ನು ಎಷ್ಟೋ ವರ್ಷಗಳಿಂದ ಎರಡು ಬೇರೆ ವಾಕ್ಯಗಳಲ್ಲಿ ಹೇಳುತ್ತಲೇ ಬಂದಿದೆ. ‘ನೇಮ್ ಆರ್ ಸರ್ವಿಸ್ ನಾಟ್ ನೋನ್’ ಎಂದರೆ ಇಲ್ಲ ಎಂಬ ಉತ್ತರ ಬಂದಿದೆ. ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್’ ಎಂದರೆ ನೆಚ್ಚುವಂಥ ಉತ್ತರ ಬಂದೇ ಇಲ್ಲ. ನೋಡ್ ಜೆಎಸ್‌ನಲ್ಲಿ ‘ಇ ನಾಟ್ ಫೌಂಡ್’ ಮತ್ತು ‘ಇಎಐ ಎಗೇನ್’ ಎಂಬ ಎರಡು ಕೋಡುಗಳು ಇದೇ ಭೇದವನ್ನು ಹೇಳುತ್ತವೆ. ಆದರೆ ಗಡಿಬಿಡಿಯಲ್ಲಿ ಎರಡನ್ನೂ ‘ಡಿಎನ್‌ಎಸ್ ಎರರ್’ ಎಂದು ಓದಿಕೊಂಡು ಎಲ್ಲರೂ ಕೋರ್‌ಡಿಎನ್‌ಎಸ್ ಪಾಡುಗಳನ್ನು ರೀಸ್ಟಾರ್ಟ್ ಮಾಡಲು ಓಡುತ್ತಾರೆ. ರೀಸ್ಟಾರ್ಟ್ ಮಾಡಿದಾಗ ಕೆಲವೊಮ್ಮೆ ಸರಿಹೋಗುವುದೂ ಉಂಟು. ಆಗ ಕಾರಣ ಶಾಶ್ವತವಾಗಿ ಕೈತಪ್ಪಿತು ಎಂದೇ ಲೆಕ್ಕ, ಅದು ಮತ್ತೆ ಬಂದೇ ಬರುತ್ತದೆ.

ಮೌನದ ಮಾತಿಗೆ ಬಂದರೆ, ಅದಕ್ಕೆ ಬಹಳ ಸಲ ಕಾರಣ ನಾವೇ ಹಾಕಿಕೊಂಡ ಬೇಲಿ. ಭದ್ರತೆಯವರು ಒಂದು ನೇಮ್‌ಸ್ಪೇಸಿನಿಂದ ಯಾವ ಮಾತೂ ಹೊರಹೋಗಕೂಡದು ಎಂದು ನೆಟ್‌ವರ್ಕ್ ಪಾಲಿಸಿ ಬರೆಯುತ್ತಾರೆ, ಬೇಕಾದ ಸರ್ವಿಸುಗಳಿಗೆ ಮಾತ್ರ ದಾರಿ ಬಿಡುತ್ತಾರೆ. 53ನೇ ಪೋರ್ಟು ಮರೆತುಹೋಗಿರುತ್ತದೆ. ಹೆಸರನ್ನು ಕೇಳಲಿಕ್ಕೂ ಹೊರಗೆ ಹೋಗಬೇಕಲ್ಲ! ಯುಡಿಪಿ, ಟಿಸಿಪಿ ಎರಡಕ್ಕೂ ಆ ದಾರಿ ಬಿಡಬೇಕು. ಉತ್ತರ ದೊಡ್ಡದಾದರೆ ಟಿಸಿಪಿಯಲ್ಲಿ ಮತ್ತೆ ಕೇಳಬೇಕಾಗುತ್ತದೆ. ಈ ಟಿಸಿಪಿ ವಿಷಯದಲ್ಲಿ ಆಲ್ಪೈನ್ ಎಂಬ ಪುಟ್ಟ ಲಿನಕ್ಸನ್ನು ಬಳಸುವವರು ಬಹಳ ಕಾಲ ಕಷ್ಟಪಟ್ಟರು. ಅದರಲ್ಲಿರುವ ಮಸಲ್ ಎಂಬ ಲೈಬ್ರರಿಗೆ ಡಿಎನ್‌ಎಸ್ ಪ್ರಶ್ನೆಯನ್ನು ಟಿಸಿಪಿಯಲ್ಲಿ ಕೇಳುವುದು ಬಂದದ್ದೇ 2023ರ 1.2.4 ಆವೃತ್ತಿಯಲ್ಲಿ. ಕಂಟೇನರಿನ ಗಾತ್ರ ಚಿಕ್ಕದಾಗಲಿ ಎಂದು ಆಲ್ಪೈನ್ ಆರಿಸಿಕೊಂಡವರಿಗೆ ಹೆಸರು ಹುಡುಕುವ ಲೈಬ್ರರಿಯೂ ಬದಲಾಗಿದೆ ಎಂಬುದು ಹೊಳೆದಿರಲಿಲ್ಲ.

ಮೌನದಲ್ಲೇ ಇನ್ನೊಂದು ಜಾತಿಯಿದೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಪತ್ತೇದಾರಿಕೆ ಇದು, ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಒಂದು ಪ್ರೋಗ್ರಾಮು ಸದಾ ಚುರುಕಾಗಿ ಓಡುತ್ತಿರುತ್ತದೆ, ಆದರೆ ನೂರಾರು ಕರೆಗಳಲ್ಲಿ ಒಂದು ಮಾತ್ರ ಐದು ಸೆಕೆಂಡು ತೆಗೆದುಕೊಳ್ಳುತ್ತದೆ. ನಾಲ್ಕೂ ಅಲ್ಲ, ಆರೂ ಅಲ್ಲ, ಸರಿಯಾಗಿ ಐದು. ಗ್ರಾಫಿನಲ್ಲಿ ಎಡಗಡೆ ದೊಡ್ಡ ದಿಬ್ಬ, ಬಲಗಡೆ ಐದರ ಹತ್ತಿರ ಪುಟ್ಟದೊಂದು ಗುಡ್ಡೆ, ಮಧ್ಯೆ ಬಯಲು. ಇಂಥ ದುಂಡು ಸಂಖ್ಯೆ ಕಂಡಾಗ ಅದು ಆಯಾಸದಿಂದ ಆದ ತಡವಲ್ಲ, ಎಲ್ಲೋ ಯಾರೋ ಕಾಯಲು ಇಟ್ಟ ಗಡುವು ಎಂದು ಅನುಮಾನಪಡಬೇಕು. ಜಿಲಿಬ್‌ಸಿ ಡಿಎನ್‌ಎಸ್ ಉತ್ತರಕ್ಕೆ ಕಾಯುವ ಮಾಮೂಲಿ ಗಡುವು ಐದು ಸೆಕೆಂಡು. ಅಂದರೆ ಮೊದಲ ಪ್ರಶ್ನೆ ದಾರಿಯಲ್ಲೇ ಕಳೆದುಹೋಗಿದೆ, ಐದು ಸೆಕೆಂಡು ಕಾದು ಮತ್ತೆ ಕೇಳಿದ್ದಕ್ಕೆ ಉತ್ತರ ಬಂದಿದೆ.

ಕಳೆದುಹೋದದ್ದು ಎಲ್ಲಿ? 2018ರ ಸುಮಾರಿಗೆ ಬೇರೆ ಬೇರೆ ಕಂಪನಿಗಳ ಇಂಜಿನಿಯರುಗಳು ಇದನ್ನು ಬೆನ್ನಟ್ಟಿ ಲಿನಕ್ಸ್ ಕರ್ನಲ್‌ವರೆಗೆ ಇಳಿದರು. 10.96.0.10 ಅನ್ನುವುದು ಯಾವ ಯಂತ್ರದ ನಿಜ ವಿಳಾಸವೂ ಅಲ್ಲ. ಅದಕ್ಕೆ ಹೋದ ಪ್ರತಿ ಪ್ಯಾಕೆಟ್ಟಿನ ಮೇಲಿನ ವಿಳಾಸವನ್ನು ಕರ್ನಲ್ ತಿದ್ದಿ ಯಾವುದಾದರೊಂದು ಕೋರ್‌ಡಿಎನ್‌ಎಸ್ ಪಾಡಿಗೆ ಕಳಿಸುತ್ತದೆ. ತಿದ್ದಿದ್ದನ್ನು ಕಾನ್‌ಟ್ರ್ಯಾಕ್ ಎಂಬ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಐಪಿವಿ4ಗೊಂದು, ಐಪಿವಿ6ಗೊಂದು ಎಂದು ಎರಡು ಪ್ರಶ್ನೆ ಹೊರಡುತ್ತವೆ ಎಂದೆನಲ್ಲ, ಜಿಲಿಬ್‌ಸಿ ಅವೆರಡನ್ನೂ ಒಂದೇ ಸಾಕೆಟ್ಟಿನಿಂದ ಬೆನ್ನುಬೆನ್ನಿಗೇ ಕಳಿಸುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಎರಡು ಸಿಪಿಯುಗಳ ಮೇಲೆ ಆ ಪಟ್ಟಿಗೆ ಬರೆಯಲು ಹೋದರೆ ಒಂದಕ್ಕೆ ಜಾಗ ಸಿಗುತ್ತದೆ, ಇನ್ನೊಂದನ್ನು ಕರ್ನಲ್ ಸದ್ದಿಲ್ಲದೆ ಎಸೆಯುತ್ತದೆ. ಕೋರ್‌ಡಿಎನ್‌ಎಸ್ ಲಾಗಿನಲ್ಲಿ ಹುಡುಕಿದರೆ ಏನೂ ಸಿಗದು, ಯಾಕೆಂದರೆ ಪ್ರಶ್ನೆ ಅಲ್ಲಿಗೆ ಬಂದೇ ಇಲ್ಲ. ಸುಳಿವು ಇರುವುದು ಒಂದೇ ಕಡೆ: ನೋಡ್ ಮೇಲೆ ನಿಂತು ಕಾನ್‌ಟ್ರ್ಯಾಕ್ ಲೆಕ್ಕ ಕೇಳಿದರೆ ‘ಇನ್ಸರ್ಟ್ ಫೇಲ್ಡ್’ ಎಂಬ ಅಂಕಿ ಒಂದೊಂದಾಗಿ ಏರುತ್ತಿರುತ್ತದೆ.

ಕರ್ನಲ್‌ನಲ್ಲಿ ಇದರ ಬಹುಭಾಗವನ್ನು ಆಮೇಲೆ ಸರಿಪಡಿಸಿದರು. ಕುಬರ್ನೆಟೀಸಿನವರು ತಮ್ಮ ಕಡೆಯಿಂದ ನೋಡ್‌ಲೋಕಲ್ ಡಿಎನ್‌ಎಸ್ ಕ್ಯಾಶ್ ಎಂಬ ಪರಿಹಾರ ತಂದರು, 2020ರ 1.18ನೇ ಆವೃತ್ತಿಯಲ್ಲಿ ಅದು ಸ್ಥಿರವಾಯಿತು. ಪ್ರತಿ ನೋಡಿನ ಮೇಲೂ ಒಂದು ಪುಟ್ಟ ಕ್ಯಾಶ್ ಕೂತಿರುತ್ತದೆ, ಸಾಮಾನ್ಯವಾಗಿ 169.254.20.10 ವಿಳಾಸದಲ್ಲಿ. ಪಾಡುಗಳು ಅದನ್ನೇ ಕೇಳುತ್ತವೆ, ವಿಳಾಸ ತಿದ್ದುವ ಗೋಜಿಲ್ಲ, ಕಾನ್‌ಟ್ರ್ಯಾಕ್‌ನ ಹಂಗಿಲ್ಲ. ದೊಡ್ಡ ಕ್ಲಸ್ಟರು ನಡೆಸುವವರು ಇದನ್ನು ಮೊದಲ ದಿನವೇ ಹಾಕಿಕೊಳ್ಳುವುದು ಕ್ಷೇಮ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ತಪ್ಪು ‘ಇದೆ’ ಎಂದೆನಲ್ಲ, ಅದನ್ನೂ ಹೇಳಬೇಕು. ಕಂಪನಿಯ ಸ್ವಂತ ಡೊಮೈನೂ ಸರ್ಚ್ ಪಟ್ಟಿಗೆ ಸೇರಿಕೊಂಡಿದೆ ಎಂದುಕೊಳ್ಳಿ. ಆ ಡೊಮೈನಿನಲ್ಲಿ ಯಾರೋ ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ ದಾಖಲೆ ಹಾಕಿದ್ದಾರೆ. ಅದರಡಿ ಯಾವ ಹೆಸರು ಕೇಳಿದರೂ ಕಂಪನಿಯ ವೆಬ್‌ಸೈಟಿನ ವಿಳಾಸವೇ ಬರುತ್ತದೆ. ಈಗ ಪಾಡು ಹೊರಗಿನ ಎಪಿಐ ಹೆಸರನ್ನು ಕೂಗಿದಾಗ ಆ ಬಾಲ ಸೇರಿದ ಕೂಡಲೇ ‘ನಾನೇ’ ಎಂದು ವೆಬ್‌ಸೈಟು ಓಗೊಡುತ್ತದೆ. ಡಿಎನ್‌ಎಸ್ ಲಾಗಿನಲ್ಲಿ ಎಲ್ಲವೂ ಹಸಿರು. ಪ್ರೋಗ್ರಾಮು ಮಾತ್ರ ಸರ್ಟಿಫಿಕೇಟ್ ಹೊಂದುತ್ತಿಲ್ಲ ಎಂದು ಕಿರುಚುತ್ತದೆ, ತಂಡವೆಲ್ಲ ಸರ್ಟಿಫಿಕೇಟಿನ ಹಿಂದೆ ಬೀಳುತ್ತದೆ. ಇದನ್ನು ಬಿಡಿಸಲು ‘ಡಿಗ್’ ಎಂಬ ಹೆಸರುವಾಸಿ ಸಾಧನ ತಂದರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಡಿಗ್ ತಾನಾಗಿ ಸರ್ಚ್ ಪಟ್ಟಿಯನ್ನು ನೋಡುವುದಿಲ್ಲ, ಕೊಟ್ಟ ಹೆಸರನ್ನು ಹಾಗೇ ಕೇಳುತ್ತದೆ. ಡಿಗ್‌ನಲ್ಲಿ ಸರಿಯಾದ ಉತ್ತರ, ಪ್ರೋಗ್ರಾಮಿನಲ್ಲಿ ತಪ್ಪು ಉತ್ತರ. ಜಿಲಿಬ್‌ಸಿ ಇರುವ ಪಾಡಿನಲ್ಲಿ ‘ಗೆಟೆಂಟ್ ಹೋಸ್ಟ್ಸ್’ ಎಂದು ಕೇಳಿದರೆ ಪ್ರೋಗ್ರಾಮು ಹಿಡಿಯುವ ದಾರಿಯನ್ನೇ ಅದೂ ಹಿಡಿಯುತ್ತದೆ. ಕುಬರ್ನೆಟೀಸಿನ ಸ್ವಂತ ದಾಖಲೆಗಳಲ್ಲಿ ಇಂಥ ಪರೀಕ್ಷೆಗೆ ಬಹಳ ಕಾಲ ಬಿಸಿಬಾಕ್ಸ್ ಎಂಬ ಪುಟ್ಟ ಸಾಧನಗಳ ಕಟ್ಟಿನ 1.28ನೇ ಆವೃತ್ತಿಯನ್ನೇ ಹೆಸರಿಸಿ ಬಳಸುತ್ತಿದ್ದರು, ಯಾಕೆಂದರೆ ಅದರ ನಂತರದ ಆವೃತ್ತಿಗಳಲ್ಲಿ ಹೆಸರು ಕೇಳುವ ಎನ್‌ಎಸ್‌ಲುಕಪ್ ನಂಬುವಂತಿರಲಿಲ್ಲ. ಅಳೆಯುವ ಕೋಲೇ ಸೊಟ್ಟಗಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಉಳಿದವನ್ನು ಬೇಗ ಮುಗಿಸುತ್ತೇನೆ. ಕೋರ್‌ಡಿಎನ್‌ಎಸ್ ಪಾಡೇ ಎದ್ದು ಬಿದ್ದು ಮಾಡುತ್ತಿದ್ದು, ಲಾಗಿನಲ್ಲಿ ‘ಲೂಪ್’ ಎಂದಿದ್ದರೆ ನೋಡಿನ ರಿಸಾಲ್ವ್ ಕಡತದಲ್ಲಿ 127.0.0.53 ಇದೆಯೇ ನೋಡಿ. ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಇಡುವ ವಿಳಾಸ ಅದು. ಕೋರ್‌ಡಿಎನ್‌ಎಸ್ ಅದನ್ನು ಓದಿಕೊಂಡು, ತನಗೆ ಗೊತ್ತಿಲ್ಲದ ಪ್ರಶ್ನೆಗಳನ್ನು ತನ್ನದೇ ಪಾಡಿನ 127ಕ್ಕೆ, ಅಂದರೆ ತನಗೇ ಕಳಿಸಿಕೊಳ್ಳತೊಡಗುತ್ತದೆ. ಅದನ್ನು ತಾನೇ ಪತ್ತೆಹಚ್ಚಿ ನಿಂತುಬಿಡುವುದು ಅದರ ಒಳ್ಳೆಯ ಗುಣ. ಹಾಗೆಯೇ ಪಾಡಿನ ಡಿಎನ್‌ಎಸ್ ಪಾಲಿಸಿಗಳಲ್ಲಿ ‘ಡಿಫಾಲ್ಟ್’ ಎಂಬ ಹೆಸರಿನದು ಡಿಫಾಲ್ಟ್ ಅಲ್ಲ. ಏನೂ ಬರೆಯದಿದ್ದರೆ ಸಿಗುವುದು ‘ಕ್ಲಸ್ಟರ್‌ಫಸ್ಟ್’. ನೋಡಿನ ನೆಟ್‌ವರ್ಕನ್ನೇ ಬಳಸುವ ಪಾಡಿಗೆ ಕ್ಲಸ್ಟರಿನೊಳಗಿನ ಹೆಸರುಗಳು ತಿಳಿಯಬೇಕಾದರೆ ‘ಕ್ಲಸ್ಟರ್‌ಫಸ್ಟ್ ವಿತ್ ಹೋಸ್ಟ್‌ನೆಟ್’ ಎಂದು ಬಾಯಿಬಿಟ್ಟು ಹೇಳಲೇಬೇಕು. ಹೆಸರು ಸಿಕ್ಕಿ, ವಿಳಾಸವೂ ಬಂದು, ಸಂಪರ್ಕ ಮಾತ್ರ ಆಗದಿದ್ದರೆ ಡಿಎನ್‌ಎಸ್ಸನ್ನು ಬಿಟ್ಟುಬಿಡಿ. ಆ ಸರ್ವಿಸಿನ ಹಿಂದೆ ಒಂದಾದರೂ ಸಿದ್ಧ ಪಾಡು ಇದೆಯೇ ಎಂದು ಎಂಡ್‌ಪಾಯಿಂಟ್ ಪಟ್ಟಿ ನೋಡಿ.

ಹೆಸರು ಕೈಕೊಡುವುದು ದೊಡ್ಡವರ ಮನೆಯಲ್ಲೂ ಉಂಟು. 2025ರ ಅಕ್ಟೋಬರ್ 20, ನಮ್ಮಲ್ಲಿ ನರಕ ಚತುರ್ದಶಿ. ಮನೆಮನೆಯಲ್ಲಿ ಎಣ್ಣೆಸ್ನಾನ ಮುಗಿದು ಹಬ್ಬದೂಟದ ತಯಾರಿ ನಡೆದಿದ್ದ ಮಧ್ಯಾಹ್ನದ ಹೊತ್ತಿಗೆ ಅಮೆಜಾನ್ ಕ್ಲೌಡಿನ ಉತ್ತರ ವರ್ಜೀನಿಯಾ ವಲಯದಲ್ಲಿ ಡೈನಮೊಡಿಬಿ ಎಂಬ ದತ್ತಾಂಶ ಸೇವೆಯ ಹೆಸರು ಬರಿದಾಯಿತು. ಡಿಎನ್‌ಎಸ್ ದಾಖಲೆಗಳನ್ನು ತಾವಾಗಿ ನವೀಕರಿಸುವ ಎರಡು ಪ್ರಕ್ರಿಯೆಗಳು ಒಂದರ ಮೇಲೊಂದು ಬಿದ್ದು, ಹಳೆಯ ಯೋಜನೆ ಹೊಸದನ್ನು ಅಳಿಸಿ, ಆಮೇಲೆ ಆ ಹಳೆಯದನ್ನೂ ಸ್ವಚ್ಛಗೊಳಿಸಿ, ಹೆಸರಿನ ಮುಂದೆ ಒಂದೂ ವಿಳಾಸ ಉಳಿಯಲಿಲ್ಲ. ಹೆಸರು ಕೇಳಿದರೆ ವಿಳಾಸ ಬಾರದು. ಅದನ್ನು ನೆಚ್ಚಿದ್ದ ಬೇರೆ ಸೇವೆಗಳು ಸಾಲಾಗಿ ಕುಸಿದವು, ಪೂರ್ತಿ ಚೇತರಿಸಿಕೊಳ್ಳಲು ಹಲವು ಗಂಟೆ ಹಿಡಿಯಿತು. ಕಾನ್‌ಟ್ರ್ಯಾಕ್ ಕತೆಯಲ್ಲೂ ಇಬ್ಬರು ಒಂದೇ ಗಳಿಗೆಯಲ್ಲಿ ಒಂದೇ ಪಟ್ಟಿಗೆ ಬರೆಯಲು ಹೋದದ್ದೇ ಕಾರಣವಾಗಿತ್ತು ಎಂಬುದನ್ನು ಗಮನಿಸಿ. ಒಂದು ಕಡೆ ಐದು ಸೆಕೆಂಡಿನ ತಡ, ಇನ್ನೊಂದು ಕಡೆ ಲೋಕಕ್ಕೆಲ್ಲ ತಿಳಿದ ಅವಘಡ. ನಡುವೆ ಇರುವುದು ಗಾತ್ರದ ವ್ಯತ್ಯಾಸ ಮಾತ್ರ.

ಒಂದು ಆಸೆಯನ್ನೂ ಹೇಳಿಬಿಡುತ್ತೇನೆ. ಇಂಟರ್ನೆಟ್ಟಿನಲ್ಲಿ ಈಗ ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ಡೊಮೈನ್ ಹೆಸರುಗಳಿವೆ. ಒಳಗೆ ಅವು ರೋಮನ್ ಅಕ್ಷರಗಳ ಒಂದು ಸಂಕೇತವಾಗಿ ಬದಲಾಗಿ ಓಡಾಡುತ್ತವೆ, ಅದು ಇರಲಿ. ಕುಬರ್ನೆಟೀಸಿನ ಸರ್ವಿಸಿಗೆ ಮಾತ್ರ ಕನ್ನಡದಲ್ಲಿ ಹೆಸರಿಡಲು ಆಗದು. ರೋಮನ್ನಿನ ಚಿಕ್ಕಕ್ಷರ, ಅಂಕಿ, ಅಡ್ಡಗೆರೆ ಇಷ್ಟೇ ಒಪ್ಪಿಗೆ. ಹೆಸರು ಹೇಗೇ ಇರಲಿ, ಅದನ್ನು ಹುಡುಕಿದ ಕತೆಯನ್ನು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಬೆಂಗಳೂರಿನ ಆಫೀಸುಗಳಲ್ಲಿ ರಾತ್ರಿ ಫೋನಿನಲ್ಲಿ ‘ನೋಡು ಗುರು, ಆ ಪಾಡಿಂದ ಕೇಳಿದ್ರೆ ಬರ್ತಿದೆ, ಈ ಪಾಡಿಂದ ಬರ್ತಿಲ್ಲ’ ಎಂದು ಕನ್ನಡದಲ್ಲೇ ದೋಷ ಬಿಡಿಸಿದವರು ಬೆಳಗ್ಗೆ ಟಿಕೆಟ್ಟಿನಲ್ಲಿ ‘ಡಿಎನ್‌ಎಸ್ ಇಷ್ಯೂ, ರಿಸಾಲ್ವ್ಡ್’ ಎಂದು ಮೂರು ಪದ ಬರೆದು ಮುಚ್ಚುತ್ತಾರೆ. ರಾತ್ರಿ ಕಲಿತದ್ದೆಲ್ಲ ಅಲ್ಲಿಗೆ ಹೋಯಿತು.

ದಯವಿಟ್ಟು ಹಾಗೆ ಮುಚ್ಚಬೇಡಿ. ಯಾವ ಪಾಡಿನಿಂದ ಯಾವ ಹೆಸರು ಕೇಳಿದಿರಿ, ಬಂದದ್ದು ‘ಇಲ್ಲ’ ಎಂಬ ಉತ್ತರವೋ ಮೌನವೋ, ಎಷ್ಟು ಹೊತ್ತಿಗೆ ಬಂತು, ಇಷ್ಟನ್ನಾದರೂ ಟಿಕೆಟ್ಟಿನಲ್ಲಿ ಬರೆಯಿರಿ. ಮುಂದಿನ ಸಲ ಅದೇ ದೋಷ ಬಂದಾಗ ಆನ್‌ಕಾಲ್‌ನಲ್ಲಿರುವವರು ನಿಮ್ಮಲ್ಲೇ ಒಬ್ಬರಾಗಿರುತ್ತಾರೆ.